ಬಾರದವರ ಎಡಗೈ

ಸಾಹೇಬರ ಜೀಪು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಬಿಸಿಯೂಟದ ಸಾರು ತಳ ಹಿಡಿಯಬಹುದಿತ್ತು. ಛಾವಣಿಯ ಸಿಮೆಂಟು ಅವರ ತಲೆಯ ಮೇಲೆಯೇ ಉದುರಬಹುದಿತ್ತು. ಹತ್ತಿ ಬಿಡಿಸುವ ಕಾಲ, ಅರ್ಧ ಶಾಲೆ ಹೊಲದಲ್ಲಿರಬಹುದಿತ್ತು... ಮೊನ್ನೆ ಮನೆಯಲ್ಲಿ ಹೊಸ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾಗ, ಆ ಹುಳಿವಾಸನೆಯ ಹಿಂದೆಯೇ ಅಂದಿನ ನನ್ನ ಚಿಂತೆಗಳೆಲ್ಲ ಸಾಲಾಗಿ ಬಂದು ನಿಂತವು. ಅವುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಚಿಂತಿಸುವುದರಲ್ಲಿ ನಾನು ನಿಪುಣ, ಆರಿಸಿಕೊಳ್ಳುವುದು ಮಾತ್ರ ಯಾವಾಗಲೂ ತಪ್ಪು ಚಿಂತೆಯನ್ನು.

ಆಗ ನಾನು ದೇವದುರ್ಗ ತಾಲ್ಲೂಕಿನಲ್ಲಿ, ಗಬ್ಬೂರಿನಾಚೆಯ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಐದನೇ ತರಗತಿಗೆ ಬಂದರೂ ಓದು ಬಾರದ ಮಕ್ಕಳಿಗೆಂದು ಮಾನ್ವಿಯಿಂದ ಒಬ್ಬ ಶಿಕ್ಷಕಿಯನ್ನು, ನಮ್ಮ ಕಡೆಯ ಮಾತಲ್ಲಿ ಅಕ್ಕೋರನ್ನು, ತಾತ್ಕಾಲಿಕವಾಗಿ ಕಳಿಸಿದ್ದರು. ಹುಣಸೆಬೀಜಗಳನ್ನು ನೆಲದ ಮೇಲೆ ಜೋಡಿಸಿ ಅಕ್ಷರ ಮೂಡಿಸುವುದು ಅವರ ಪಾಠ. ಮನೆಯಲ್ಲಿ ದಖನಿ ಉರ್ದು ಆಡುವ ಒಬ್ಬ ಹುಡುಗಿ ತನ್ನ ಹೆಸರು ಜೋಡಿಸುವವರೆಗೆ ಬಂದಿದ್ದಳು. ಬರೆದು, ಯಾರೂ ತುಳಿಯದಂತೆ ಕಾವಲು ಕೂರುತ್ತಿದ್ದಳು. ಅಷ್ಟರಲ್ಲಿ ಶಾಲೆ ತಪಾಸಣೆಗೆ ಇಲಾಖೆಯ ಸಾಹೇಬರು ಬರುವ ಸುದ್ದಿ ಬಂತು. ಅಕ್ಕೋರು ಇಲ್ಲಿ ಬೇಕೋ ಬೇಡವೋ ಎಂದು ನೋಡಿ ಹೋಗುವವರು.

ಇಂಥ ದಿನಕ್ಕೆಂದೇ ನಮ್ಮಲ್ಲೊಂದು ಪದ್ಧತಿಯಿತ್ತು. ಉತ್ತರ ಬರುವವರು ಬಲಗೈ ಎತ್ತಬೇಕು, ಬಾರದವರು ಎಡಗೈ. ನೋಡುವವರಿಗೆ ಕೋಣೆ ತುಂಬ ಜಾಣರು, ಯಾರನ್ನು ಎಬ್ಬಿಸಬೇಕೆಂಬುದು ಮಾಸ್ತರಿಗೆ ಮಾತ್ರ ಗೊತ್ತು. ಅಕ್ಕೋರು ಅದನ್ನು ಬೇಡವೆಂದರು.

"ಬ್ಯಾನಿ ಮುಚ್ಚಿಟ್ರ ಡಾಕ್ಟ್ರು ಔಷಧ ಹ್ಯಾಂಗ ಕೊಡ್ತಾರ್ರೀ ಸರ್?"

"ಬ್ಯಾನಿ ನೋಡಿ ಡಾಕ್ಟ್ರೇ ಬೈದ್ರ?"

"ಬೈಲಿ ಬಿಡ್ರಿ. ನಿಮಗಂತೂ ಹೆಂಗಿದ್ರೂ ನಿದ್ದಿ ಬರಂಗಿಲ್ಲ."

ಮಕ್ಕಳಿಗೂ ಹೇಳಿದರು: "ಬರಂಗಿಲ್ಲಂದ್ರ ಕೈ ಕೆಳಗ. ಅದರಾಗ ನಾಚ್ಕಿ ಇಲ್ಲ."

ಸಾಹೇಬರು ಬಂದರು, ಹಲಗೆಯ ಮೇಲೆ ಒಂದು ಸಾಲು ಬರೆದು, "ಯಾರು ಓದ್ತೀರಿ?" ಎಂದರು. ಎಲ್ಲ ಕೈಗಳೂ ಮೇಲೆದ್ದವು. ಎಲ್ಲವೂ ಬಲಗೈ. ಮುಂದಿನ ಸಾಲಿನ ಹುಡುಗನೊಬ್ಬ ಗಡಗಡನೆ ಓದಿಬಿಟ್ಟ.

"ಸಾಹೇಬ್ರ, ಹಿಂದಿನವರನ್ನೂ ಕೇಳ್ರಿ," ಎಂದರು ಅಕ್ಕೋರು.

"ಎಲ್ಲಾರೂ ಕೈ ಎತ್ಯಾರಲ್ಲವ್ವಾ," ಎಂದು ಸಾಹೇಬರು ಚಹಾಕ್ಕೆ ಎದ್ದರು. "ಮಕ್ಕಳು ಶ್ಯಾಣ್ಯಾ ಅದಾವ. ಇಲ್ಲಿ ಹೆಚ್ಚಿನವರು ಬೇಕಾಗಿಲ್ಲ."

ಜೀಪು ಹೋದ ಮೇಲೆ ಅಕ್ಕೋರು, ಹೆಸರಿಗೆ ಕಾವಲು ಕೂರುತ್ತಿದ್ದ ಆ ಹುಡುಗಿಯ ಮುಂದೆ ಕೂತು, ಯಾಕೆ ಕೈ ಎತ್ತಿದೆ ಎಂದು ಕೇಳಿದರು. ಬೈಗುಳದ ದನಿ ಇರಲಿಲ್ಲ.

"ಎತ್ತಲಿಲ್ಲಂದ್ರ ನಿಮಗ ಬೈತಿದ್ರಲ್ರೀ ಅಕ್ಕೋರೆ. ಆಮ್ಯಾಲೆ ನಿಮ್ಮನ್ನ ಕಳಿಸಿಬಿಡ್ತಿದ್ರು."

ಅಕ್ಕೋರು ಅವಳ ತಲೆಯ ಮೇಲೆ ಕೈಯಿಟ್ಟರು. ವಾರದೊಳಗೆ ಅವರನ್ನು ಮಾನ್ವಿಗೆ ಹಿಂದಕ್ಕೆ ಕರೆಸಿಕೊಂಡರು. ನಾನು ಅರ್ಜಿ ಬರೆದೆ, ಕಚೇರಿಗೆ ತಿರುಗಿದೆ. ಎಲ್ಲ ಮಕ್ಕಳಿಗೂ ಓದು ಬರುವ ಶಾಲೆಯವನಿಗೆ ಇನ್ನೇನು ಬೇಕೆಂದು ನಕ್ಕು ಕಳಿಸಿದರು.

ಹೋದ ತಿಂಗಳು ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಮಾನ್ವಿಯ ಅವರ ಮನೆಗೆ ಹೋಗಿಬರಲೆಂದು ರಾಯಚೂರು ಬಸ್‌ ನಿಲ್ದಾಣದಲ್ಲಿ ನಿಂತಿದ್ದೆ. ಕಂಕುಳಲ್ಲಿ ಕೂಸಿದ್ದ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ಮುಖ ನೋಡಿದಳು. "ನಮ್ಮ ಸಾಲಿ ಸರ್ ಅಲ್ರೀ? ನಾನ್ರೀ, ಹುಣಸಿಬೀಜದಾಕಿ." ನಗುತ್ತಲೇ ಕೂಸನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡು, ಎದುರಿಗಿದ್ದ ಬಸ್ಸಿನತ್ತ ಗದ್ದ ಎತ್ತಿದಳು.

"ಇದು ಮಾನ್ವಿ ಬಸ್ಸೇನ್ರಿ ಸರ್?"

ಹೌದವ್ವಾ, ಎಂದೆ. ಬಸ್ಸಿನ ಹಣೆಯ ಮೇಲೆ, ಮೊಳದುದ್ದದ ಅಕ್ಷರಗಳಲ್ಲಿ, ಮಾನ್ವಿ ಎಂದೇ ಬರೆದಿತ್ತು.