ಬರ್ಗರ್ ಬಿಚ್ಚಿ ಉಂಡವರು

"ಅಜ್ಜಿ, ಪ್ಲೀಸ್! ಎವ್ರಿವನ್ ಈಸ್ ಲುಕಿಂಗ್!" ಮಗಳು ಮುಖ ಮುಚ್ಚಿಕೊಂಡಳು. ಅಮೆರಿಕದ ಒಂದೊಂದು ರಾಜ್ಯದ ರುಚಿಗೂ ಒಂದೊಂದು ಬರ್ಗರ್ ಮಾಡುವ, ಕುವೈತಿನ ಮಹಬೂಲಾದ ಅಂಗಡಿ ಅದು. ಧಾರವಾಡದಿಂದ ಬಂದಿದ್ದ ನಮ್ಮತ್ತೆ ತರಕಾರಿ ಬರ್ಗರನ್ನು ಬಿಚ್ಚಿ, ಜಾರ್ಜಿಯಾದ ಶೇಂಗಾ ಸಾಸನ್ನು ಚಟ್ನಿಯಂತೆ ತಟ್ಟೆಯಂಚಿಗಿಟ್ಟು, ಬನ್ನನ್ನು ರೊಟ್ಟಿಯಂತೆ ಮುರಿದು ಅದ್ದಿಕೊಂಡು ತಿನ್ನುತ್ತಿದ್ದರು.

"ಇಷ್ಟ್ ಅಗಲ ಬಾಯಿ ನಾ ಎಲ್ಲಿಂದ ತರ್ಲಿ ನಮ್ಮವ್ವಾ?" ಎಂದರು.

ಪಕ್ಕದ ಮೇಜಿನಲ್ಲಿ ಮೊಮ್ಮಕ್ಕಳೊಂದಿಗೆ ಬಂದಿದ್ದ ಕುವೈತಿ ಅಜ್ಜ ತಮ್ಮ ಟೆಕ್ಸಾಸ್ ಬರ್ಗರಿನ ಎತ್ತರ ನೋಡುತ್ತ ಸುಮ್ಮನೆ ಕುಳಿತಿದ್ದರು. ಅತ್ತೆಯನ್ನು ಕಂಡದ್ದೇ ತಡ, ಅವರೂ ಮೇಲಿನ ಬನ್ ತೆಗೆದು, ಚೂರು ಮುರಿದು, ಕರಿದ ಈರುಳ್ಳಿಯೊಂದಿಗೆ ಬಾಯಿಗಿಟ್ಟರು. ಆಮೇಲೆ ಅತ್ತೆಯತ್ತ ಕೈಯೆತ್ತಿ ನಕ್ಕರು.

ಅತ್ತೆ ಊರಿಗೆ ಮರಳಿದ್ದಾರೆ. ಮನೆಗೆ ಬರ್ಗರ್ ತರಿಸಿದಾಗ ಮಗಳು ಈಗ ಮೊದಲು ಹುಡುಕುವುದು ಅಜ್ಜಿ ಇಲ್ಲಿದ್ದಾಗ ಉಣ್ಣುತ್ತಿದ್ದ ತಟ್ಟೆಯನ್ನು.