ಕಾಲು ತಾಗಿದರೆ ಬಗ್ಗುವ ತಂಡ

ನಮ್ಮ ಸಿಂದಗಿ ತಂಡದ ಗೋಲ್‌ಕೀಪರ್ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಮೈದಾನಕ್ಕೆ ಬರುತ್ತಿದ್ದ. ಎರೆಮಣ್ಣಿನ ಕಲೆ ಒಮ್ಮೆ ಹತ್ತಿದರೆ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಚೆಂಡು ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಅವನು ನೆಲಕ್ಕೆ ಬಿದ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಗೋಲುಕಂಬಕ್ಕೆ ಒರಗಿ, ಹಿಂದೆ ಕುಳಿತ ಗೆಳೆಯರ ಜೊತೆ ಮಾತಾಡುತ್ತಿದ್ದ. ಚೆಂಡು ಪಕ್ಕದಿಂದ ಹಾದುಹೋದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ, ನಿಧಾನವಾಗಿ ಹೋಗಿ ಚೆಂಡು ತಂದು, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದ. ದೊಡ್ಡ ಮೈಯವನು, ಗೋಲು ತುಂಬುತ್ತದೆ ಎಂದು ಅವನನ್ನು ಅಲ್ಲಿ ನಿಲ್ಲಿಸಿದ್ದರು. ತುಂಬುವುದೇ ಗುಣವಾದರೆ ಅಲ್ಲೊಂದು ಮೇವಿನ ಬಣವೆ ಒಟ್ಟಬಹುದಿತ್ತು. ಬಣವೆ ಹರಟೆ ಹೊಡೆಯುವುದಿಲ್ಲ.

ಇದನ್ನೆಲ್ಲ ನಾನು ನೋಡುತ್ತಿದ್ದದ್ದು ನಮ್ಮ ಮನೆಯ ಮಾಳಿಗೆಯ ಮೇಲಿಂದ. ಎಪ್ಪತ್ತರ ದಶಕದ ನಡುವಿನ ಮಾತು. ಗಂಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಮನೆ ಸಾಲೆಯ ಮೈದಾನಕ್ಕೆ ಬೆನ್ನು ಹಚ್ಚಿಕೊಂಡಿತ್ತು. ಮೈದಾನಕ್ಕೆ ಹೆಣ್ಣುಮಕ್ಕಳು ಹೋಗುವ ರೂಢಿ ಇರಲಿಲ್ಲ. ಆದರೆ ಮಾಳಿಗೆ ಏರಿ ಸಂಡಿಗೆ, ಮೆಣಸಿನಕಾಯಿ ಒಣಗಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆ ವರ್ಷಗಳಲ್ಲಿ ನಮ್ಮಷ್ಟು ಸಂಡಿಗೆ ಇಟ್ಟ ಮನೆ ಸಿಂದಗಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

“ಸಂಡಿಗಿ ಒಣಗಿಸಾಕ ಹೋಗ್ತಿಯೋ, ಮ್ಯಾಚ್ ನೋಡಾಕ ಹೋಗ್ತಿಯೋ?” ಎಂದು ಗಂಡ ಕೇಳುತ್ತಿದ್ದರು.

“ಸಂಡಿಗೀನ ನೋಡ್ತೇನ್ರಿ. ಮೈದಾನದಾಗ ನೋಡುವಂಥಾದ್ದು ಏನೈತಿ?”

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ನಮಗೆ ಕಸೂತಿ, ಇಂಗ್ಲಿಷ್ ಕೈಬರಹ ಕಲಿಸುತ್ತಿದ್ದ ಗೋವಾ ಕಡೆಯ ಒಬ್ಬ ಸಿಸ್ಟರ್‌ಗೆ ಫುಟ್‌ಬಾಲ್ ಎಂದರೆ ಜೀವ. ಶನಿವಾರ ಸಂಜೆ ಹುಡುಗಿಯರನ್ನು ಎರಡು ಗುಂಪು ಮಾಡಿ, ತಮ್ಮ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನಮಗೆ ಜಾಗ ತೋರಿಸುತ್ತ ಓಡುತ್ತಿದ್ದರು. ಕಾಳು ಚೆಲ್ಲಿದಲ್ಲಿಗೆ ಕೋಳಿಗಳು ಓಡುವ ಹಾಗೆ ಎಲ್ಲರೂ ಚೆಂಡಿನ ಮೇಲೆ ಮುಗಿಬಿದ್ದರೆ ಅವರಿಗೆ ಅಳು ಬಂದಂತಾಗುತ್ತಿತ್ತು. ನಮ್ಮ ಸಿಂದಗಿಯ ತಂಡವನ್ನು ಅವರು ನೋಡಲಿಲ್ಲವಲ್ಲ, ದೇವರು ದೊಡ್ಡವನು.

ಹಿಂದಿನ ಸಾಲಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಆಡುತ್ತಿದ್ದರು. ಹೊಲ ಪಾಲಾದಾಗ ಬದುವಿನ ಮೇಲಿನ ಒಂದು ಜಾಲಿಗಿಡ ಯಾರಿಗೆ ಎಂದು ಜಗಳವಾಗಿ ಮಾತು ಬಿಟ್ಟವರು. ಒಬ್ಬರು ಇನ್ನೊಬ್ಬರಿಗೆ ಚೆಂಡು ಕೊಡುತ್ತಿರಲಿಲ್ಲ. ಇಬ್ಬರ ನಡುವೆ ಚೆಂಡು ಬಂದು ನಿಂತರೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತಿದ್ದರು. ಗಿಡಕ್ಕಾಗಿ ಕೊಡಲಿ ಎತ್ತಿದವರಿಗೆ ಚೆಂಡಿನ ವಿಷಯದಲ್ಲಿ ಅಷ್ಟೊಂದು ವೈರಾಗ್ಯ ಎಲ್ಲಿಂದ ಬಂತೋ ತಿಳಿಯದು. ಮುಂದಿನ ಸಾಲಿನ ನಡುವೆ ಗೌಡರ ಮನೆಯ ಅಳಿಯ. ಇಡೀ ತಂಡ ಬರಿಗಾಲಲ್ಲಿ ಆಡುವಾಗ ಬೂಟು ಇದ್ದದ್ದು ಅವನೊಬ್ಬನಿಗೆ. ಕೈ ಎತ್ತಿ ಎತ್ತಿ ಚೆಂಡು ಬೇಡುತ್ತಿದ್ದ. ಬಂದಮೇಲೆ ಬಲಗಾಲೋ ಎಡಗಾಲೋ ಎಂದು ವಿಚಾರ ಮಾಡುತ್ತ ನಿಲ್ಲುತ್ತಿದ್ದ. ಅವನು ತೀರ್ಮಾನಕ್ಕೆ ಬರುವಷ್ಟರಲ್ಲಿ ಚೆಂಡು ಆ ತುದಿಯಲ್ಲಿ ನಮ್ಮ ಗೋಲ್‌ಕೀಪರನ ಹರಟೆಯನ್ನು ಕೆಡಿಸುತ್ತಿತ್ತು.

ಇವರಿಗೆಲ್ಲ ಆಟ ಕಲಿಸುತ್ತಿದ್ದವರು ಸಾಲೆಯ ಡ್ರಿಲ್ ಮಾಸ್ತರರು. ಖೋಖೋ ಬಲ್ಲವರು, ಲೇಜಿಮು ಬಲ್ಲವರು, ಕವಾಯತು ಬಲ್ಲವರು. ಫುಟ್‌ಬಾಲನ್ನೂ ಒಂದು ಕವಾಯತು ಎಂದೇ ತಿಳಿದಿದ್ದರು. ಹನ್ನೊಂದು ಮಂದಿಯನ್ನು ಎತ್ತರದ ಪ್ರಕಾರ ನಿಲ್ಲಿಸಿ, ಅದೇ ಸಾಲಿನಂತೆ ಜಾಗ ಹಂಚುತ್ತಿದ್ದರು. ಗಂಜಿ ಹಾಕಿದ ಅವರ ಖಾಕಿ ಚಡ್ಡಿ ಎಷ್ಟು ಗಡುಸಾಗಿತ್ತೆಂದರೆ ಅವರು ತಿರುಗಿ ಒಂದು ಗಳಿಗೆಯಾದ ಮೇಲೆ ಅದು ತಿರುಗುತ್ತಿತ್ತು. ಪಂದ್ಯ ನಡೆದಾಗ ಅವರ ಸಲಹೆ ಒಂದೇ: “ಓಡ್ರಿ! ಓಡ್ರಿ!” ಎಲ್ಲಿಗೆ ಎಂದು ಅವರು ಹೇಳುತ್ತಿರಲಿಲ್ಲ, ಹುಡುಗರು ಕೇಳುತ್ತಿರಲಿಲ್ಲ.

ಇಂಥವರು ಯಾವ ಊರಿನ ತಂಡದಲ್ಲಿಯೂ ಇರುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮವರಿಗೆ ಇನ್ನೊಂದು ರೋಗ ಇತ್ತು. ಆಟದಲ್ಲಿ ಕಾಲಿಗೆ ಕಾಲು ತಾಗದೆ ಚೆಂಡು ಸಿಗುವುದಿಲ್ಲ. ತಾಗಿದ ಕೂಡಲೇ ನಮ್ಮ ಹುಡುಗರು ನಿಂತು, ಬಗ್ಗಿ, ಎದುರಿನವನ ಮೈ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ಪುಸ್ತಕಕ್ಕೋ, ಮಲಗಿದ ಹಿರಿಯರಿಗೋ ಕಾಲು ತಾಗಿದರೆ ಎಲ್ಲರೂ ಮಾಡುವುದೇ. ಮೈದಾನದಲ್ಲಿ ಉಳಿದ ತಾಲೂಕಿನವರು ಅದನ್ನು ಬಿಟ್ಟಿದ್ದರು. ನಮ್ಮ ಮಾಸ್ತರರು ಬಿಡಗೊಡಲಿಲ್ಲ. ಎದುರಿನವನು ಹಿರಿಯನಾಗಿದ್ದು, ನಮ್ಮ ಹುಡುಗ ಬಗ್ಗದೆ ಓಡಿದರೆ ಅವನನ್ನು ಹೊರಗೆ ಕರೆದು ಕೂಡಿಸುತ್ತಿದ್ದರು. ಪಕ್ಕದ ಇಂಡಿ ತಾಲೂಕಿನವರು ಇದನ್ನು ಬೇಗನೆ ಅರಿತುಕೊಂಡರು. ಬೇಕೆಂದೇ ತಮ್ಮ ಕಾಲು ತಂದು ಇವರ ಕಾಲಿಗೆ ಒಡ್ಡುತ್ತಿದ್ದರು. ಇವರು ಬಗ್ಗುತ್ತಿದ್ದರು, ಅವರು ಚೆಂಡು ಒಯ್ಯುತ್ತಿದ್ದರು. ಒಂದು ಸಂಜೆ ಹಾಗೆಯೇ ಐದು ಗೋಲು ಹಾಕಿ ಹೋದರು.

ಅಂದು ಮಾಸ್ತರರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. “ಸೋತೀವಿ, ಖರೆ,” ಎಂದು ನನ್ನ ಗಂಡನಿಗೆ ಹೇಳಿದರು. “ಆದ್ರ ನಮ್ಮ ಹುಡುಗರ ಸಂಸ್ಕಾರ ಇಂಡ್ಯಾವ್ರಿಗೆ ಎಲ್ಲಿಂದ ಬರಬೇಕ್ರಿ? ಐದ ಸಲ ಗೋಲ್ ಹಾಕಿದ್ರು, ಒಂದ ಸಲನರೆ ಕೈ ಮುಗದ್ರೇನು?”

ನಾನು ಚಹಾ ಇಡುತ್ತ, “ಹೌದ್ರಿ ಮಾಸ್ತರ, ನಮ್ಮವರ ಭಕ್ತಿನ ಬ್ಯಾರೆ. ಗೋಲಿಗೆ ದೂರದಿಂದನ ಕೈ ಮುಗಿತಾರ. ಹತ್ರ ಹೋಗಿ ಮೈಲಿಗಿ ಮಾಡೂದಿಲ್ಲ” ಎಂದೆ.

“ವೈನಿಯವರು ಭಾಳ ಚೇಷ್ಟಿ ಮಾಡ್ತಾರ,” ಎಂದು ನಕ್ಕು ಮಾಸ್ತರರು ಚಹಾ ಕುಡಿದರು. ನಾನು ಚೇಷ್ಟೆ ಮಾಡಿರಲಿಲ್ಲ.

ಆ ತಂಡದಲ್ಲಿ ಆಟ ಬರುತ್ತಿದ್ದದ್ದು ಒಬ್ಬನಿಗೆ. ಅವನು ನನ್ನ ಮೈದುನ, ಗಂಡನ ತಮ್ಮ. ಬಲಗಡೆಯ ಅಂಚಿನಲ್ಲಿ ಆಡುತ್ತಿದ್ದ. ಚೆಂಡು ಅವನ ಕಾಲಿಗೆ ಬಂದರೆ ಮಾಳಿಗೆಯ ಮೇಲೆ ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು. ಆದರೆ ಅವನೂ ಬಗ್ಗುವವನೇ. ಎಲ್ಲರಿಗಿಂತ ಆಳವಾಗಿ ಬಗ್ಗುವವನು. ಪಿಯುಸಿ ಎರಡು ಸಲ ಫೇಲಾಗಿ ಮನೆಯಲ್ಲಿದ್ದ. ಸಂಕ್ರಮಣ ಕಳೆದ ಮೇಲೆ ಅವನನ್ನು ಮುದ್ದೇಬಿಹಾಳದ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕೂಡಿಸುವುದು ಎಂದು ಹಿರಿಯರು ಗೊತ್ತುಮಾಡಿದ್ದರು. ಹಿಂದಿನ ಬೇಸಿಗೆಯ ಸೂಟಿಯಲ್ಲಿ ಒಂದು ತಿಂಗಳು ಅಲ್ಲಿ ಇದ್ದು ಬಂದವನು ಅವನು. ಸೋದರಮಾವನ ಹಿರಿಯ ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಬೆಳಗಿನಿಂದ ಸಂಜೆಯ ತನಕ ಇವನನ್ನು ನಿಲ್ಲಿಸಿಯೇ ಬೆಲ್ಲ ತೂಗಿಸುತ್ತಿದ್ದನಂತೆ. ತಿರುಗಿ ಬಂದಾಗ ಹುಡುಗನ ಪಾದಗಳು ಬಾತಿದ್ದವು. ಏನಾಯಿತು ಎಂದು ಅತ್ತೆ ಕೇಳಿದರೆ ಏನೂ ಇಲ್ಲ ಎಂದಿದ್ದ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಬಾಗೇವಾಡಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಂಡಗಳ ಪಂದ್ಯಗಳು ನಡೆಯುವುದಿತ್ತು. ಹುಬ್ಬಳ್ಳಿ ಕಡೆಯ ಒಂದು ಬಟ್ಟೆ ಗಿರಣಿಯವರು ಅಲ್ಲಿಗೆ ಮನುಷ್ಯನನ್ನು ಕಳಿಸಿ, ಚೆನ್ನಾಗಿ ಆಡಿದ ಒಬ್ಬಿಬ್ಬರನ್ನು ತಮ್ಮ ತಂಡಕ್ಕೂ ಗಿರಣಿಯ ಕೆಲಸಕ್ಕೂ ತೆಗೆದುಕೊಳ್ಳುವವರಿದ್ದರು. ಮೈದುನ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

“ವೈನಿ, ಈ ಸಲ ಆಗಲಿಲ್ಲಂದ್ರ ನಾ ಬೆಲ್ಲದ ತಕ್ಕಡಿ ಹಿಡದನ ಮುದುಕ ಆಗ್ತೇನಿ.”

“ಆಗೂದಿಲ್ಲ. ಆದ್ರ ನೀ ಬಗ್ಗೂದು ಬಿಡಬೇಕು.”

“ಅದು ತಾನಾಗೇ ಆಗ್ತೈತ್ರಿ. ಕಾಲು ತಾಗಿದ್ದ ತಡ, ಬೆನ್ನು ಬಗ್ಗಿಬಿಡ್ತೈತಿ.”

ಅತ್ತೆ ದಿನವೂ ಮಧ್ಯಾಹ್ನ ಪುರಾಣ ಕೇಳಲು ಹೋಗುತ್ತಿದ್ದರು. ಹಳೆಯ ಸೀರೆಯ ಚಿಂದಿ ಸುತ್ತಿ ನಾನು ಒಂದು ಚೆಂಡು ಮಾಡಿದೆ. ಚರ್ಮದ ಚೆಂಡನ್ನು ಅತ್ತೆ ಹಿತ್ತಲಿಗೂ ಬಿಡುತ್ತಿರಲಿಲ್ಲ. ಕಾಲುಂಗುರಗಳು ಅವನಿಗೆ ತಾಗಬಾರದೆಂದು ಬೆರಳಿಗೆ ಅರಿವೆ ಸುತ್ತಿಕೊಂಡೆ. ಸೆರಗು ಸಿಕ್ಕಿಸಿ, ಚೆಂಡನ್ನು ಪಾದದ ಕೆಳಗೆ ಒತ್ತಿ ನಿಂತು, “ಕಸಕೊ” ಎಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. “ನಿಮಗ ಕಾಲು ಹಚ್ಚಾಂಗಿಲ್ರಿ ವೈನಿ. ನೀವು ಅವ್ವನ ಸಮಾನ.”

“ನನಗ ಕಾಲು ಹಚ್ಚಿದ್ರ ಮುಂದ ಯಾರಿಗೆ ಬೇಕಾದ್ರೂ ಹಚ್ಚತಿ. ಕಸಕೊ.”

ಮೊದಲ ದಿನ ಅವನು ಚೆಂಡು ಮುಟ್ಟಲೇ ಇಲ್ಲ. ಎರಡನೆಯ ದಿನ ಮುಟ್ಟಿದ. ಅವನ ಪಾದದ ಅಂಚು ನನ್ನ ಕಾಲಿನ ಹರಡಿಗೆ ತಾಗಿತು. ಕಡಿದ ಜೋಳದ ಕಣಕಿಯ ಹಾಗೆ ಬಗ್ಗಿದ. “ಏಳು,” ಎಂದೆ. ಮತ್ತೆ ತಾಗಿತು, ಮತ್ತೆ ಬಗ್ಗಿದ. ನಾಲ್ಕು ದಿನ ನಾನು “ಏಳು” ಎಂದದ್ದೇ ಎಂದದ್ದು. ನನ್ನ ಕಾಲಿನ ನೀಲಿ ಕಲೆ ನೋಡಿ ಅತ್ತೆ ಕೇಳಿದರೆ ಒಳ್ಳುಕಲ್ಲು ಬಡಿಯಿತು ಎಂದೆ. ಕಾನ್ವೆಂಟಿನಲ್ಲಿ ಕಲಿತವಳು ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು, ಆದರೆ ಬಹಳ ಆಗಲಿಲ್ಲ. ಹತ್ತನೆಯ ದಿನ ಎಂದು ಕಾಣುತ್ತದೆ, ಚೆಂಡು ಕಸಿದುಕೊಂಡವನು ತುಳಸಿಕಟ್ಟೆಯ ತನಕ ಓಡಿಹೋಗಿ, ಅಲ್ಲಿ ನೆನಪಾಗಿ ಹೊರಳಿ ನೋಡಿದ. ಬಗ್ಗಬೇಕೋ ಬೇಡವೋ ತಿಳಿಯದೆ ಕೈ ಅರ್ಧಕ್ಕೆ ನಿಂತಿತ್ತು. ನಾನು ಸುಮ್ಮನೆ ಅಡುಗೆಮನೆಗೆ ಹೋಗಿಬಿಟ್ಟೆ.

ಬಾಗೇವಾಡಿಗೆ ಅತ್ತೆಯನ್ನು ಬಸವಣ್ಣನ ಗುಡಿಗೆಂದು ಕರೆದುಕೊಂಡು ಹೋದೆ. ಗುಡಿ ಮುಗಿಸಿ, ಹೇಗೂ ಬಂದಿದ್ದೇವೆ ಎಂದು ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ಕುಳಿತೆವು. ಗಂಡ ನಮ್ಮ ಪಕ್ಕ ನಿಂತಿದ್ದರು. ಅಂದಿನ ಪಂದ್ಯ ಮುದ್ದೇಬಿಹಾಳದ ಮೇಲೆ. ಅವರ ಹಿಂದಿನ ಸಾಲಿನಲ್ಲಿ ಇದ್ದವನು ಅದೇ ಸೋದರಮಾವನ ಹಿರಿಯ ಮಗ. ಅಂಗಡಿಯಲ್ಲಿ ಕೂತು ಕೂತು ಹೊಟ್ಟೆ ಬಂದಿತ್ತು, ಗತ್ತು ಮಾತ್ರ ಕರಗಿರಲಿಲ್ಲ.

ನಮ್ಮ ತಂಡ ಎಂದಿನಂತೆಯೇ ಆಡಿತು. ಗೋಲ್‌ಕೀಪರನಿಗೆ ಬಾಗೇವಾಡಿಯಲ್ಲೂ ಗೆಳೆಯರು ಸಿಕ್ಕಿದ್ದರು. ಅಣ್ಣತಮ್ಮಂದಿರ ನಡುವಿನಿಂದ ಒಂದು ಗೋಲು ಹೋಯಿತು, ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ; ಬೈಯಬೇಕಾದರೆ ಮಾತಾಡಬೇಕಲ್ಲ. ಗೌಡರ ಅಳಿಯ ವಿಚಾರದಲ್ಲಿದ್ದ. “ಓಡ್ರಿ!” ಎಂದರು ಮಾಸ್ತರರು.

ಆಟದ ದ್ವಿತೀಯಾರ್ಧದಲ್ಲಿ ಸೋದರಮಾವನ ಮಗ ಚೆಂಡನ್ನು ಕಾಲಡಿಗೆ ಇಟ್ಟುಕೊಂಡು ಯಾರಿಗೆ ಕೊಡಲಿ ಎಂದು ನೋಡುತ್ತಿದ್ದ. ಮೈದುನ ಹೋಗಿ ಕಾಲು ಹಾಕಿ ಕಸಿದ. ಪಾದ ಮೊಣಕಾಲಿಗೆ ಬಡಿದ ಸದ್ದು ಗಿಡದ ಕೆಳಗಿನ ನಮಗೂ ಕೇಳಿಸಿತು. ಆಗ ಆದದ್ದನ್ನು ಬೇರೆ ಯಾವ ಊರಿನ ಫುಟ್‌ಬಾಲಿನಲ್ಲೂ ಯಾರೂ ನೋಡಿರಲಿಕ್ಕಿಲ್ಲ. ಸೋದರಮಾವನ ಮಗ ಚೆಂಡಿನ ಹಿಂದೆ ಹೋಗದೆ ಅಲ್ಲೇ ನಿಂತ. ಸಿಂದಗಿಯವನು ಬಗ್ಗುತ್ತಾನೆ, ತಾನು ಹರಸಬೇಕು ಎಂದು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿಯೂ ಬಿಟ್ಟಿದ್ದ. ಅವನ ತಂಡದವರೂ ಆ ಶಾಸ್ತ್ರ ಮುಗಿಯಲಿ ಎಂದು ನಿಂತರು. ಮೈದುನ ನಿಲ್ಲಲಿಲ್ಲ. ಅವರ ಗೋಲ್‌ಕೀಪರ್ ಕೂಡ ಕೈಕಟ್ಟಿ ನಿಂತಿದ್ದ. ಚೆಂಡು ಪಕ್ಕದಿಂದ ಹೋದಮೇಲೆ ಕೈ ಬಿಚ್ಚಿದ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಮ್ಮ ಡ್ರಿಲ್ ಮಾಸ್ತರರು ಸೀಟಿ ಊದುತ್ತ ಮೈದಾನದೊಳಗೆ ನುಗ್ಗಿ, ಗೋಲು ಹಾಕಿದ ತಮ್ಮ ಹುಡುಗನನ್ನೇ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು.

“ಹಿರೇರು ಕಿರೇರು ಅನ್ನೂದು ಗೊತ್ತೈತಿಲ್ಲೊ ನಿನಗ? ಕೂಡು ಅಲ್ಲಿ!”

ಅವನ ಬದಲು ಬಗ್ಗುವ ಇನ್ನೊಬ್ಬನನ್ನು ಕಳಿಸಿದರು. ಆಮೇಲೆ ಇನ್ನೂ ಎರಡು ಗೋಲು ಆದವು, ಎರಡೂ ನಮ್ಮ ಮೇಲೆ. ಸಂಸ್ಕಾರಕ್ಕೆ ಮಾತ್ರ ಕುಂದು ಬರಲಿಲ್ಲ.

ಪಂದ್ಯ ಮುಗಿದ ಮೇಲೆ ಗಿರಣಿಯವರು, ನರೆಗೂದಲಿನ ಸಣ್ಣ ಮನುಷ್ಯ, ಮೈದುನನ ಮನೆಯವರು ಯಾರೆಂದು ಕೇಳಿಕೊಂಡು ಬೇವಿನ ಗಿಡದ ಹತ್ತಿರ ಬಂದರು. ಮಾಸ್ತರರೂ ಹಿಂದೆಯೇ ಬಂದರು.

“ಅವ ಬ್ಯಾಡ್ರಿ ಸಾಹೇಬ್ರ,” ಎಂದರು ಮಾಸ್ತರರು. “ಉದ್ಧಟ ಅದಾನ. ನಮ್ಮ ಗೌಡ್ರ ಅಳಿಯಾನ್ನ ನೋಡ್ರಿ. ಶಾಂತ ಸ್ವಭಾವ, ಯಾರಿಗೂ ಕಾಲು ಹಚ್ಚಿದಾಂವಲ್ಲ.”

“ಚೆಂಡಿಗೂ ಹಚ್ಚಿದ್ದು ನಾ ನೋಡ್ಲಿಲ್ರಿ,” ಎಂದು ಅವರು ನನ್ನ ಗಂಡನ ಕಡೆ ತಿರುಗಿದರು. “ಈ ಹುಡುಗನ್ನ ಮುಂದಿನ ವಾರ ಕಳಿಸ್ತೀರೇನ್ರಿ?”

ಗಂಡ ತಾಯಿಯ ಮುಖ ನೋಡಿದರು. ಅತ್ತೆಯ ಸ್ವಂತ ಅಣ್ಣನ ಮಗ ಮೈದಾನದ ನಡುವೆ ಮೊಣಕಾಲು ತಿಕ್ಕಿಕೊಳ್ಳುತ್ತ ಎಲ್ಲರಿಗೂ ಅದನ್ನು ತೋರಿಸುತ್ತಿದ್ದ. ಅತ್ತೆ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಿರಣಿಯವರನ್ನು ಕೇಳಿದರು:

“ಅಲ್ಲೂ ಹಿಂಗ ಒದೀಬೇಕೇನ್ರಿ ಇವಾ?”

“ಹೌದ್ರಿ ಅಮ್ಮಾರ. ಒದೆಯೂದಕ್ಕ ನಾವು ಪಗಾರ ಕೊಡ್ತೀವಿ.”

ಅತ್ತೆ ಸೆರಗು ಹೊದ್ದುಕೊಂಡು ಎದ್ದರು. “ಹಂಗಾದ್ರ ಕರಕೊಂಡ ಹೋಗ್ರಿ. ನಮ್ಮಣ್ಣನ ಅಂಗಡ್ಯಾಗ ಪುಕ್ಕಟೆ ಒದಿಸ್ಕೊಳ್ಳೂದಕಿಂತ ಅದ ಚಲೋ.”