ಮರೆಮ್ಮನ ಸೊಕ್ಕು

ಕಳೆದ ವಾರ ಶಹಾಪುರದ ಬಸ್ ನಿಲ್ದಾಣದಲ್ಲಿ ಯಾದಗಿರಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಕೈಯಲ್ಲಿ ಕಾಗದದ ಕಪ್ಪು. ಚಹಾದ ವಾಸನೆಗಿಂತ ನೆಂದ ಕಾಗದದ ವಾಸನೆಯೇ ಹೆಚ್ಚು. ಎದುರಿನ ಬಸ್ಸಿನ ಬಾಗಿಲಲ್ಲಿ ಬಿಳಿ ಬಟ್ಟೆಯ ದೊಡ್ಡ ಮನುಷ್ಯರೊಬ್ಬರು ಅಡ್ಡ ನಿಂತಿದ್ದರು. ಕಂಡಕ್ಟರ್ ಹುಡುಗಿ ಅವರಿಗೆ ಒಳಗೆ ಹೋಗಿರೆಂದು ಹೇಳಿದಳು. ಹೇಳಿದ್ದು ಮೆತ್ತಗೇ. ನನ್ನ ಪಕ್ಕದಲ್ಲಿದ್ದವರು, "ಧಿಮಾಕ್ ನೋಡ್ರಿ ಆಕಿದು," ಎಂದರು. ನಾನು ರೂಢಿಯಂತೆ ನಕ್ಕೆ. ನಕ್ಕ ಮೇಲೆ, ಆ ಕಾಗದದ ವಾಸನೆಗೋ ಏನೋ, ಮರೆಮ್ಮ ನೆನಪಾದಳು. ಚಹಾ ಅರ್ಧಕ್ಕೇ ಬಿಟ್ಟು ಕಪ್ಪು ಕೆಳಗಿಟ್ಟೆ.

ಮರೆಮ್ಮನ ವಿಷಯಕ್ಕೆ ಬರುವ ಮುಂಚೆ ನಮ್ಮ ಕಡೆಯ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ತನ್ನನ್ನು ತಾನೇ ದೊಡ್ಡವನೆಂದುಕೊಳ್ಳುವುದಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಸೊಕ್ಕು, ಧಿಮಾಕು, ಮಗರೂರಿ, ಬಡಿವಾರ, ಗತ್ತು, ಖದರು. ಆದರೆ ಕೆಲಸ ಒಂದೇ ಆದರೂ ಮಾಡಿದವರು ಯಾರೆಂದು ನೋಡಿ ಪದ ಕೊಡುತ್ತೇವೆ. ಗೌಡರು ಮದುವೆಗೆ ಎಲ್ಲರಿಗಿಂತ ತಡವಾಗಿ ಬಂದರೆ ಅದು ಗತ್ತು. ಸಾಹೇಬರು ನಮಸ್ಕಾರಕ್ಕೆ ತಲೆ ಎತ್ತದಿದ್ದರೆ ಖದರು. ಅದನ್ನೇ ಹಮಾಲನೊಬ್ಬ ಮಾಡಿದರೆ ಸೊಕ್ಕು. ನಾನು ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದೆ. ಯಾರಾದರೂ ಬಂದು ಮೇಜಿನ ಮುಂದೆ ನಿಂತರೆ ತಕ್ಷಣ ಮುಖ ಎತ್ತುತ್ತಿರಲಿಲ್ಲ. ಓದಿ ಮುಗಿದ ಹಾಳೆಯನ್ನೇ ಇನ್ನೊಮ್ಮೆ ಓದುತ್ತಿದ್ದೆ. ಅದನ್ನು ಗತ್ತು ಎಂದೇ ತಿಳಿದಿದ್ದೆ. ಹೆಂಡತಿ ಮಾತ್ರ, "ನಿಮ್ಮ ಬಡಿವಾರ ಆಫೀಸಿನ್ಯಾಗ ಇಟ್ಟು ಬರ್ರಿ, ಇಲ್ಲಿ ಉಂಡ ತಾಟು ನೀವ ಎತ್ತಬೇಕು," ಎನ್ನುತ್ತಿದ್ದಳು.

ಮರೆಮ್ಮ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನಮ್ಮ ಕಚೇರಿಗೆ ಜವಾನರ ಕೆಲಸಕ್ಕೆ ಬಂದವಳು. ರಂಗಂಪೇಟೆಯ ಹೊರಗಿನ ಓಣಿಯವಳು. ಅವಳ ಜಾತಿಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ದಿನಕ್ಕೆ ಎರಡು ಸಲ ಹೋಟೆಲಿನಿಂದ ಚಹಾ ಬರುತ್ತಿತ್ತು. ನಮಗೆಲ್ಲ ಗಾಜಿನ ಗ್ಲಾಸು, ಅವಳೊಬ್ಬಳಿಗೆ ಕಾಗದದ ಕಪ್ಪು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ; ಬೇಡವೆಂದೂ ಹೇಳಿರಲಿಲ್ಲ. ಮೊದಲ ದಿನವೇ ಅವಳು, "ನನಗ ಚಹಾ ಬ್ಯಾಡ್ರಿ," ಎಂದಳು. ಎಂಟು ವರ್ಷ ಅದೇ ಮಾತು. ಚಹಾದ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕೂತು ಮನೆಯಿಂದ ತಂದ ನೀರು ಕುಡಿಯುತ್ತಿದ್ದಳು. ಆಗ ಸಾಹೇಬರು ಎದುರಿಗೇ ದಾಟಿ ಹೋದರೂ ಏಳುತ್ತಿರಲಿಲ್ಲ. "ಎಷ್ಟ್ ಸೊಕ್ಕರೀ ಇಕಿಗ," ಎಂದು ಮೊದಲು ಅಂದವನು ನಾನೇ. ಉಳಿದವರು ಅದನ್ನು ಎತ್ತಿಕೊಂಡರು.

ಒಂದು ವರ್ಷ ವರ್ಗಾವಣೆಯ ಪಟ್ಟಿ ತಯಾರಾಗುತ್ತಿತ್ತು. ಜವಾನರಲ್ಲಿ ಒಬ್ಬರು ಕೊಡೇಕಲ್ಲಿಗೆ ಹೋಗಬೇಕಿತ್ತು. ತನ್ನನ್ನು ಸುರಪುರದಲ್ಲೇ ಬಿಡಿರೆಂದು ಮರೆಮ್ಮ ಅರ್ಜಿ ಕೊಟ್ಟಳು. ಪಿಯುಸಿ ಓದುತ್ತಿದ್ದ ಮಗಳ ದುಂಡು ಅಕ್ಷರ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಮಧ್ಯಾಹ್ನ ಮನೆಗೆ ಹೋಗಿ ಉಣಿಸಿ ಮಗ್ಗುಲು ಬದಲಿಸಿ ಬರುತ್ತೇನೆ, ದೂರ ಹಾಕಿದರೆ ಮಗಳು ಕಾಲೇಜು ಬಿಡಬೇಕಾಗುತ್ತದೆ ಎಂದು ಬರೆದಿತ್ತು. ಸಾಹೇಬರು ನನ್ನ ಅಭಿಪ್ರಾಯ ಕೇಳಿದ್ದರು. ಅರ್ಜಿಯನ್ನು ಪೂರ್ತಿ ಓದಿದೆ. ಓದಿಯೂ ಅಂಚಿನಲ್ಲಿ, ‘ವರ್ತನೆಯಲ್ಲಿ ಅಹಂಕಾರ. ಶಿಫಾರಸು ಇಲ್ಲ’ ಎಂದು ಬರೆದೆ. ಸೊಕ್ಕು ಎನ್ನುವ ಪದ ಕಡತದಲ್ಲಿ ನಡೆಯುವುದಿಲ್ಲ ನೋಡಿ. ಮರೆಮ್ಮ ಕೊಡೇಕಲ್ಲಿಗೆ ಹೋದಳು. ಮಗಳು ಕಾಲೇಜು ಬಿಟ್ಟಳೆಂದು ಆಮೇಲೆ ಯಾರೋ ಹೇಳಿದರು. ಕೇಳಿ ಮುಂದಿನ ಕಡತ ಎತ್ತಿಕೊಂಡೆ.

ಅವತ್ತು ಶಹಾಪುರದಲ್ಲಿ ಯಾದಗಿರಿ ಬಸ್ಸು ಬಂದರೂ ಹತ್ತಲಿಲ್ಲ. ಸುರಪುರದ ಬಸ್ಸು ಹತ್ತಿದೆ. ರಂಗಂಪೇಟೆಯಲ್ಲಿ ಅವರಿವರನ್ನು ಕೇಳಿ ಮನೆ ಹುಡುಕಿದೆ. ಅವಳಿಗೂ ಈಗ ನಿವೃತ್ತಿಯಾಗಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಗುರುತು ಹಿಡಿದು, ಎದ್ದು ಒಳಗಿನಿಂದ ಕುರ್ಚಿ ತಂದಿಟ್ಟು, "ಕುಂದರ್ರಿ," ಎಂದು ಮತ್ತೆ ಮೊರದ ಮುಂದೆ ಕೂತಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, "ನಿನ್ನ ಅರ್ಜಿ ಮ್ಯಾಲ ಬ್ಯಾಡಂತ ಬರದಾವ ನಾನ, ಮರೆಮ್ಮ," ಎಂದುಬಿಟ್ಟೆ.

"ಗೊತ್ತದರಿ," ಎಂದಳು. "ಆ ಕಾಗದ ನಿಮ್ಮ ಟೇಬಲ್ ಮ್ಯಾಲಿಂದ ಸಾಹೇಬ್ರ ಬಲ್ಲಿ ಒಯ್ದಾಕಿ ನಾನ ಅಲ್ಲೇನ್ರಿ? ಏಳನೆತ್ತ ತನಕ ಸಾಲಿ ಕಲ್ತೀನಿ."

ಲಕೋಟೆಗೂ ಹಾಕದೆ ಅವಳ ಕೈಗೇ ಕೊಟ್ಟಿದ್ದೆ. ಅವಳಿಗೆ ಓದಲು ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಓದಿನೂ ಸುಮ್ನ ಒಯ್ದು ಕೊಟ್ಟಿಯೇನು?"

"ಕೊಟ್ಟಿದ್ದು ಮುಟ್ಟಿಸೋದು ನನ್ನ ಕೆಲಸರೀ."

"ಸುಳ್ಳು ಬರದೆ. ತಪ್ಪಾತು."

"ಸುಳ್ಳಲ್ರಿ. ಸೊಕ್ಕು ಇತ್ತು. ಆ ಕಪ್ ಕೈಯಾಗ ಹಿಡದಿದ್ರ ಅದೂ ಹೋಗ್ತಿತ್ತು. ಅದೊಂದು ಉಳಿಸ್ಕೊಂಡೆ." ಮೊರವನ್ನು ಕೆಳಗಿಟ್ಟಳು. "ನನ್ನದಕ್ಕ ಹೆಸರು ಕೊಟ್ರಿ. ಓದೋ ಹುಡುಗಿ ಪುಸ್ತಕ ಕಟ್ಟಿಟ್ಟು ಮುದುಕಿ ಹಾಸಿಗಿ ತೊಳೆಯೋಹಂಗ ಮಾಡಿದ್ರಲ್ಲ, ಅದಕ್ಕೇನಂತಾರ? ಅದೊಂದು ಹೇಳಿ ಹೋಗ್ರಿ."

ಸಿಟ್ಟಿನಿಂದ ಕೇಳಲಿಲ್ಲ. ಕೇಳಿ, ಉತ್ತರಕ್ಕಾಗಿ ಕಾದಳು. ನಾನು ಎದ್ದು ನಿಂತು ಕೈಮುಗಿದೆ. ಅವಳು ಕೂತೇ ಇದ್ದಳು.

ಸರಿಯಾದ ಪದಕ್ಕಾಗಿ ಇನ್ನೂ ಹುಡುಕುತ್ತಿದ್ದೇನೆ ಎಂದು ಬರೆದು ಇಲ್ಲಿಗೆ ಮುಗಿಸಬಹುದಿತ್ತು. ಅದೂ ಬಡಿವಾರವೇ. ಪದ ನನಗೆ ಅವತ್ತೇ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಭಾನುವಾರ ಅವಳ ಮಗಳು ತವರಿಗೆ ಬರುತ್ತಾಳಂತೆ. ಹೋಗುತ್ತಿದ್ದೇನೆ. ತಾಯಿ, ಮಗಳು ಇಬ್ಬರ ಮುಂದೆಯೂ ನಿಂತು ಹೇಳಿ ಬರುತ್ತೇನೆ: ಅದು ನನ್ನ ಸೊಕ್ಕು.